ಪಿಯುಸಿ ಆದ ಮೇಲೆ ಒಂದು ವರ್ಷ ನಿಲ್ಲಬಹುದೇ?

ಸೆಕೆಂಡ್ ಪಿಯುಸಿ ಮುಗಿದ ವರ್ಷ ಬೇಕಾದ ಸೀಟು ಸಿಗಲಿಲ್ಲ. ಸಿಕ್ಕ ಕೋರ್ಸಿಗೆ ಸೇರಿಬಿಡಬೇಕೋ, ಒಂದು ವರ್ಷ ನಿಂತು ಪ್ರವೇಶ ಪರೀಕ್ಷೆಯನ್ನು ಮತ್ತೆ ಬರೆಯಬೇಕೋ? ಬೆಂಗಳೂರಿನ ಇಬ್ಬರು ಇಲ್ಲಿ ಬರೆದಿದ್ದಾರೆ: ಒಬ್ಬರು ಸರ್ಕಾರಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ, ಇನ್ನೊಬ್ಬರು ಬ್ಯಾಂಕ್ ಉದ್ಯೋಗಿ.

ಪರ
ಫಸ್ಟ್ ಪಿಯುಸಿಯನ್ನು ಎರಡನೇ ಸಲ ಓದಲು ಬಿಡಿ

ನನ್ನ ಮಗಳು ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕೊನೆಯ ಮೂರು ವರ್ಷ ನಾನು ಪಾಠ ಮಾಡುವ ಶಾಲೆಯಲ್ಲೇ ಇದ್ದಳು. ಮಾಗಡಿ ರಸ್ತೆಯ ಆಚೀಚೆಯ ಮಕ್ಕಳು ಬರುವ ಶಾಲೆ ಅದು. ಗಾರ್ಮೆಂಟ್ಸಿಗೆ ಹೋಗುವವರ, ಆಟೋ ಓಡಿಸುವವರ, ಸಣ್ಣ ಲೇತ್ ಇಟ್ಟುಕೊಂಡವರ ಮಕ್ಕಳು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಅವಳಿಗೆ 94 ಬಂದಿತ್ತು. 2016ರಲ್ಲಿ ಫಸ್ಟ್ ಪಿಯುಸಿ ಸೈನ್ಸಿಗೆ ಸೇರಿದಳು. ಮೂರನೇ ದಿನ ಸಂಜೆ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವುದಕ್ಕೆ ಮುಂಚೆಯೇ, "ಅಮ್ಮಾ, ಇನರ್ಷಿಯಾ ಅಂದ್ರೆ ನಮ್ಮ ಜಡತ್ವಾನೇ ಕಣಮ್ಮ" ಅಂದಳು.

ಮೂರು ದಿನ ಆ ಹುಡುಗಿ ತನಗೆ ಚೆನ್ನಾಗಿ ಗೊತ್ತಿದ್ದ ಪಾಠವನ್ನು ಯಾವುದೋ ಹೊಸ ಪಾಠ ಅಂದುಕೊಂಡು ಹೆದರಿ ಕೂತಿದ್ದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜಡತ್ವವನ್ನು ಅವಳಿಗೆ ಕಲಿಸಿದವಳು ನಾನೇ. ಬಸ್ಸು ತಟಕ್ಕನೆ ನಿಂತಾಗ ನಾವು ಯಾಕೆ ಮುಂದಕ್ಕೆ ಬೀಳುತ್ತೇವೆ ಅಂತ ಇಡೀ ತರಗತಿಗೆ ಅಭಿನಯಿಸಿ ತೋರಿಸಿದ್ದೆ.

ಅವಳು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಳು. ಎಡಗಡೆ ನಮ್ಮ ಪದ, ಬಲಗಡೆ ಅವರ ಪದ. ವೇಗೋತ್ಕರ್ಷ, ಆಕ್ಸಿಲರೇಶನ್. ಸಂವೇಗ, ಮೊಮೆಂಟಮ್. ಪ್ರತ್ಯಾಮ್ಲ, ಬೇಸ್. ಪತ್ರರಂಧ್ರ, ಸ್ಟೊಮ್ಯಾಟಾ. ಕೋಶಕೇಂದ್ರ, ನ್ಯೂಕ್ಲಿಯಸ್. ದೀಪಾವಳಿ ಕಳೆಯುವ ಹೊತ್ತಿಗೆ ಅರ್ಧ ಪುಸ್ತಕ ತುಂಬಿತ್ತು. ಅಷ್ಟರಲ್ಲಿ ತರಗತಿಯಲ್ಲಿ ಚಲನೆಯ ನಿಯಮಗಳು ಮುಗಿದಿದ್ದವು, ಮೋಲ್ ಲೆಕ್ಕ ಮುಗಿದಿತ್ತು, ಸಸ್ಯ ಸಾಮ್ರಾಜ್ಯ ಮುಗಿದಿತ್ತು. ಉಪನ್ಯಾಸಕರನ್ನು ದೂರುವುದಿಲ್ಲ. ಎಂಬತ್ತು ಮಕ್ಕಳ ಸೆಕ್ಷನ್ನಿನಲ್ಲಿ ಒಬ್ಬಳು ಪದ ಹುಡುಕುತ್ತಾ ಕೂತರೆ ಅವರು ಕಾಯುವುದು ಹೇಗೆ? ಅವಳು ಫಸ್ಟ್ ಪಿಯುಸಿ ಪಾಸಾದಳು. ಆದರೆ ಓದಿದಳು ಅಂತ ನಾನು ಹೇಳಲಾರೆ. ಆ ವರ್ಷ ಅವಳು ಕಲಿತದ್ದು ಭಾಷೆ.

ಈಗ ಪರೀಕ್ಷೆಯನ್ನು ನೋಡಿ. ವೈದ್ಯಕೀಯ ಸೀಟಿಗೆ ಬರೆಯುವ ನೀಟ್‌ಗೆ 720 ಅಂಕ. ಜೀವಶಾಸ್ತ್ರಕ್ಕೆ 360, ಭೌತಶಾಸ್ತ್ರ, ರಸಾಯನಶಾಸ್ತ್ರಕ್ಕೆ 180, 180. ಈ ಮೂರೂ ವಿಷಯಗಳಲ್ಲಿ ಕೇಳುವ ಪಾಠದ ಹತ್ತಿರ ಹತ್ತಿರ ಅರ್ಧ ಫಸ್ಟ್ ಪಿಯುಸಿಯದು. ಸೆಕೆಂಡ್ ಪಿಯುಸಿಯ ಬೋರ್ಡ್ ಪರೀಕ್ಷೆಯಲ್ಲಿ ಆ ಅರ್ಧವನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ಎರಡನೇ ವರ್ಷ ಅದನ್ನು ಯಾರೂ ತಿರುಗಿ ನೋಡುವುದೂ ಇಲ್ಲ. ಪದ ಹುಡುಕುತ್ತಲೇ ಫಸ್ಟ್ ಪಿಯುಸಿ ಕಳೆದ ಮಗು ಪರೀಕ್ಷೆಗೆ ಕೂತಾಗ ಅರ್ಧ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲೇ ಬಿಟ್ಟುಬಂದ ಹಾಗೆ. ನನ್ನ ಇಡೀ ವಾದ ಇಷ್ಟೇ. ಇದನ್ನು ಹತ್ತು ಸಲ ಬೇಕಾದರೂ ಹೇಳುತ್ತೇನೆ: ಅರ್ಧ ಪಾಠ ಫಸ್ಟ್ ಪಿಯುಸಿಯದು, ಆ ಅರ್ಧವನ್ನು ಓದುವ ಅವಕಾಶವೇ ಈ ಮಕ್ಕಳಿಗೆ ಸಿಕ್ಕಿರುವುದಿಲ್ಲ. ಒಂದು ವರ್ಷ ನಿಲ್ಲಿಸಿ ಅದನ್ನು ಕೊಡಿ.

ನೀಟ್ ಕನ್ನಡದಲ್ಲೂ ಬರೆಯಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಬರೆಯಬಹುದು, 2017ರಿಂದ ಆ ಅವಕಾಶ ಇದೆ. ಆದರೆ ಹತ್ತನೇ ತರಗತಿಯವರೆಗೆ ಕನ್ನಡ, ಆಮೇಲೆ ಎರಡು ವರ್ಷ ಪೂರ್ತಿ ಇಂಗ್ಲಿಷ್, ಮತ್ತೆ ಮೂರು ಗಂಟೆಯ ಪರೀಕ್ಷೆ ಕನ್ನಡದಲ್ಲಿ ಅಂದರೆ ಪಿಯುಸಿಯಲ್ಲಿ ಕಲಿತ ಹೊಸ ಪದಗಳಿಗೆ ಅವಳ ಹತ್ತಿರ ಕನ್ನಡವೇ ಇರುವುದಿಲ್ಲ. ಮಗಳು ಒಂದು ಸಲ ಕನ್ನಡದ ಮಾದರಿ ಪತ್ರಿಕೆ ತೆಗೆದು ನೋಡಿ ಪಕ್ಕಕ್ಕಿಟ್ಟಳು.

2018ರ ಮೇ 6ರಂದು ಅವಳು ಮೊದಲ ಸಲ ನೀಟ್ ಬರೆದಳು. ಜೂನ್ 4ಕ್ಕೆ ಫಲಿತಾಂಶ ಬಂತು: 268. ಜೀವಶಾಸ್ತ್ರ 170, ರಸಾಯನಶಾಸ್ತ್ರ 60, ಭೌತಶಾಸ್ತ್ರ 38. ಮನೆಯಲ್ಲಿ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಒಂದು ವಾರ ಅದರ ಬಗ್ಗೆ ಮಾತಾಡುವುದು ಬೇಡ ಅಂತ ನಾನು ಎಲ್ಲರಿಗೂ ಹೇಳಿದೆ. ಎಂಟನೇ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಇಬ್ಬರೂ ನೆಲದ ಮೇಲೆ ಕೂತೆವು. ನೀಟ್ ಪ್ರಶ್ನೆಪತ್ರಿಕೆಯನ್ನು ಮನೆಗೆ ತರಬಹುದಲ್ಲ, ಅದನ್ನು ಹರವಿ, ತಪ್ಪಾದ ಮತ್ತು ಬಿಟ್ಟ ಪ್ರಶ್ನೆಗಳಿಗೆಲ್ಲ ಗುರುತು ಹಾಕಿದೆವು. ಫಸ್ಟ್ ಪಿಯುಸಿ ಪಾಠದ್ದಾದರೆ ಕೆಂಪು, ಸೆಕೆಂಡ್ ಪಿಯುಸಿಯದ್ದಾದರೆ ನೀಲಿ, ಗೊತ್ತಿದ್ದೂ ಅವಸರದಲ್ಲಿ ತಪ್ಪಿದ್ದರೆ ಪೆನ್ಸಿಲ್. ಮುಗಿಸಿ ನೋಡಿದರೆ ಪುಟಪುಟವೂ ಕೆಂಪು. ಮೂರರಲ್ಲಿ ಎರಡು ಪಾಲು ಕೆಂಪು. "ಅಮ್ಮಾ, ನಂಗೆ ಬರಲ್ಲ ಅಂತಲ್ಲ, ನಾನು ಓದೇ ಇಲ್ಲ" ಅಂದಳು. ನಿಲ್ಲುವುದು ಅಂತ ತೀರ್ಮಾನ ಆದದ್ದು ಆ ಕ್ಷಣ, ತೀರ್ಮಾನ ಮಾಡಿದವಳು ಅವಳೇ.

ನನ್ನನ್ನು ಕೇಳಲು ಬರುವ ಎಲ್ಲ ತಂದೆ ತಾಯಿಗೂ ಇದನ್ನೇ ಮಾಡಿ ಅನ್ನುತ್ತೇನೆ. ಕೋಚಿಂಗ್ ಸೆಂಟರಿನ ಕೌನ್ಸೆಲರನ್ನು ಕೇಳಬೇಡಿ, ಪಕ್ಕದ ಮನೆಯವರನ್ನು ಕೇಳಬೇಡಿ, ಪ್ರಶ್ನೆಪತ್ರಿಕೆಯನ್ನು ಕೇಳಿ. ಕೆಂಪು ಹೆಚ್ಚಿದ್ದರೆ ವರ್ಷ ನಿಲ್ಲಿಸಿದ್ದು ಸಾರ್ಥಕ. ನೀಲಿಯೇ ಹೆಚ್ಚಿದ್ದರೆ ಮಗುವಿಗೆ ಆ ವಿಷಯದಲ್ಲಿ ಮನಸ್ಸಿದೆಯೇ ಅಂತ ಮೊದಲು ವಿಚಾರಿಸಿ.

ನಮ್ಮ ಭಾವ ಊರಿಂದ ಬಂದಿದ್ದರು. "ನೋಡಮ್ಮ, ಹೆಣ್ಣುಮಗು. ಒಂದು ವರ್ಷ ಸುಮ್ನೆ ಮನೇಲಿ ಕೂರಿಸ್ಕೊಂಡ್ರೆ ಜನ ಏನಂತಾರೆ? ಬಿಎಸ್ಸಿಗೆ ಸೇರ್ಸು" ಅಂದರು. ಅವರ ಮೇಲೆ ನನಗೆ ಗೌರವ ಇದೆ. ಆದರೂ ಅವತ್ತು ಎದುರು ಮಾತಾಡಿದೆ. "ಭಾವ, ಅವಳು ಸುಮ್ನೆ ಕೂರಲ್ಲ. ಬಿಎಸ್ಸಿಗೆ ಸೇರಿ ಮೂರು ವರ್ಷ ನೀಟ್ ನೆನೆಸ್ಕೊಂಡು ಅಳೋದಕ್ಕಿಂತ ಒಂದು ವರ್ಷ ಓದಲಿ ಬಿಡಿ" ಅಂದೆ.

ವಿರೋಧಿಸುವವರು ಯಾವಾಗಲೂ ಹೇಳುವುದು ಒಂದೇ ಮಾತು. ಮಕ್ಕಳು ಮನೆಯಲ್ಲಿ ಕೂತರೆ ಕೆಟ್ಟುಹೋಗುತ್ತಾರೆ, ಮೊಬೈಲ್ ನೋಡುತ್ತಾರೆ, ಗೆಳೆಯರೆಲ್ಲ ಮುಂದೆ ಹೋಗುತ್ತಾರೆ. ಹದಿನೆಂಟು ವರ್ಷದ ಮಕ್ಕಳನ್ನು ಇವರು ಒಂದು ಸಲವೂ ನಂಬಿಲ್ಲ. ಮೊಬೈಲ್ ನೋಡುವ ಮಗು ಕಾಲೇಜಿಗೆ ಸೇರಿದರೂ ನೋಡುತ್ತದೆ. ಗೆಳೆಯರು ಮುಂದೆ ಹೋಗುವುದೆಂದರೆ ಏನು? ಅರವತ್ತು ವರ್ಷದವರೆಗೆ ದುಡಿಯುವ ದೇಶದಲ್ಲಿ ಒಂದು ವರ್ಷ ತಡವಾಗಿ ಶುರು ಮಾಡಿದರೆ ಯಾರು ಲೆಕ್ಕ ಇಡುತ್ತಾರೆ? ನಿಯಮ ಮಾಡಿದವರೇ ಎರಡನೇ ಸಲಕ್ಕೆ ಜಾಗ ಬಿಟ್ಟಿದ್ದಾರೆ. ನೀಟ್‌ಗೆ ಇಷ್ಟೇ ಸಲ ಅಂತ ಮಿತಿ ಇಲ್ಲ. ಗರಿಷ್ಠ ವಯಸ್ಸಿನ ಮಿತಿಯನ್ನೂ 2022ರಲ್ಲಿ ತೆಗೆದರು. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಅನ್ನು ಮೂರು ವರ್ಷ ಬರೆಯಬಹುದು, ಐಐಟಿಗೆ ಬೇಕಾದ ಅಡ್ವಾನ್ಸ್ಡ್ ಅನ್ನು ಸತತ ಎರಡು ವರ್ಷ. ಎಂಜಿನಿಯರಿಂಗ್ ಮಕ್ಕಳು ಈ ಎರಡು ವರ್ಷದ ಲೆಕ್ಕವನ್ನು ಮರೆಯಬಾರದು. ಅಲ್ಲಿ ನಿಲ್ಲುವುದಾದರೆ ಪಿಯುಸಿ ಆದ ಮರುವರ್ಷವೇ ನಿಲ್ಲಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ.

ಇನ್ನೊಂದು ವಿಷಯವನ್ನು ದೊಡ್ಡವರು ಯೋಚಿಸುವುದೇ ಇಲ್ಲ. ಸೆಕೆಂಡ್ ಪಿಯುಸಿ ಮುಗಿಸುವ ಮಗುವಿನ ಕ್ಯಾಲೆಂಡರ್ ಯಾವತ್ತಾದರೂ ತೆಗೆದು ನೋಡಿದ್ದೀರಾ? 2025ರದ್ದೇ ತೆಗೆದುಕೊಳ್ಳಿ. ಮಾರ್ಚ್ 1ರಿಂದ 20ರವರೆಗೆ ಬೋರ್ಡ್ ಪರೀಕ್ಷೆ. ಏಪ್ರಿಲ್ 2ಕ್ಕೆ ಜೆಇಇ ಮೇನ್ ಎರಡನೇ ಸೆಷನ್ ಶುರು. ಏಪ್ರಿಲ್ 16, 17 ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿ. ಮೇ 4 ನೀಟ್. ಮೇ 10 ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಕಾಮೆಡ್‌ಕೆ. ಎಪ್ಪತ್ತೊಂದು ದಿನಗಳ ಒಳಗೆ ಐದು ಪರೀಕ್ಷೆ, ಐದು ಥರದ ಪ್ರಶ್ನೆ. ಒಂದರಲ್ಲಿ ಪುಟಗಟ್ಟಲೆ ಉತ್ತರ ಬರೆಯಬೇಕು, ಒಂದರಲ್ಲಿ ತಪ್ಪಿಗೆ ಅಂಕ ಕಳೆಯುತ್ತಾರೆ, ಇನ್ನೊಂದರಲ್ಲಿ ಕಳೆಯುವುದಿಲ್ಲ. ಹದಿನೇಳು ದಾಟಿದ ಮಗುವಿಗೆ ಇಡೀ ಜೀವನ ತೀರ್ಮಾನ ಮಾಡಲು ನಾವು ಕೊಡುವ ಸಮಯ ಇದು. ಇದನ್ನು ಒಂದೇ ಸಲಕ್ಕೆ ದಾಟಲಿಲ್ಲ ಅಂತ ಅವರನ್ನು ದಡ್ಡರು ಅನ್ನುವುದಕ್ಕೆ ನನ್ನ ನಾಲಿಗೆ ಏಳುವುದಿಲ್ಲ.

ಮಗಳು ನಿಂತ ಆ ವರ್ಷ ಹೇಗೆ ಕಳೆಯಿತು ಅಂತ ಬರೆಯುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಒಂದು ಕೋಚಿಂಗ್ ಸೆಂಟರಿಗೆ ಹೋಗಿ ವಿಚಾರಿಸಿದೆವು. ಲಾಂಗ್ ಟರ್ಮ್ ಬ್ಯಾಚಿಗೆ ಅವರು ಹೇಳಿದ ಫೀ ನನ್ನ ಮೂರು ತಿಂಗಳ ಸಂಬಳ. ಬೇಡ ಅಂದಳು. ಬರೀ ಟೆಸ್ಟ್ ಸೀರೀಸಿಗೆ ಹಣ ಕಟ್ಟಿದೆವು. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹಂಪಿನಗರದ ಗ್ರಂಥಾಲಯಕ್ಕೆ ಹೋಗುತ್ತಿದ್ದಳು. ಅಲ್ಲಿ ಕೆಎಎಸ್‌ಗೆ, ಎಫ್‌ಡಿಎಗೆ ಓದುವ ದೊಡ್ಡವರು ತುಂಬಿರುತ್ತಾರೆ. ಅವರ ನಡುವೆ ಇವಳೊಬ್ಬಳು ಚಿಕ್ಕವಳು. ಊಟದ ಹೊತ್ತಿನಲ್ಲಿ ಅವರು ಇವಳಿಗೆ ಉಪ್ಪಿನಕಾಯಿ ಕೊಡುತ್ತಿದ್ದರಂತೆ, ಇವಳು ಅವರಿಗೆ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳಂತೆ. ಓದುವುದೆಂದರೆ ನಾಚಿಕೆ ಪಡುವ ಕೆಲಸವಲ್ಲ ಅಂತ ಅವಳಿಗೆ ಗೊತ್ತಾದದ್ದು ಅಲ್ಲಿ. ಮೂವತ್ತು ದಾಟಿದವರೂ ನಾಲ್ಕನೇ ಸಲ ಪರೀಕ್ಷೆ ಬರೆಯಲು ಕೂತಿದ್ದರು.

ಮೊದಲ ನಾಲ್ಕು ತಿಂಗಳು ಸೆಕೆಂಡ್ ಪಿಯುಸಿ ಪುಸ್ತಕವನ್ನು ಮುಟ್ಟಲೇ ಇಲ್ಲ. ಫಸ್ಟ್ ಪಿಯುಸಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರವನ್ನು ಸಾಲು ಸಾಲಾಗಿ ಓದಿದಳು, ಚಿತ್ರದ ಕೆಳಗಿನ ಸಣ್ಣ ಅಕ್ಷರವನ್ನೂ ಬಿಡದೆ. ಈ ಸಲ ನೋಟ್‌ಬುಕ್ ಬೇಕಾಗಲಿಲ್ಲ. ಭಾನುವಾರ ಮಧ್ಯಾಹ್ನ ಎರಡರಿಂದ ಐದು, ನಿಜವಾದ ಪರೀಕ್ಷೆಯ ಹೊತ್ತಿಗೇ, ಓಎಂಆರ್ ಹಾಳೆಯ ಜೆರಾಕ್ಸ್ ಇಟ್ಟುಕೊಂಡು ಕಪ್ಪು ಬಾಲ್‌ಪೆನ್ನಿನಲ್ಲಿ ಟೆಸ್ಟ್ ಬರೆಯುವಳು. ಊಟ ಆದ ಮೇಲೆ ತೂಕಡಿಕೆ ಬರುವ ಹೊತ್ತು ಅದು. ಆ ಹೊತ್ತಿನಲ್ಲಿ ತಲೆ ಓಡಬೇಕಾದರೆ ವಾರಾವಾರ ಓಡಿಸಿ ರೂಢಿ ಮಾಡಬೇಕು. ಸಂಜೆ ಐದಕ್ಕೆ ಪೆನ್ನು ಇಟ್ಟಮೇಲೆ ಅವತ್ತಿಗೆ ಪುಸ್ತಕ ಇಲ್ಲ. ಹೋಗಿ ಪಾನಿಪುರಿ ತಿಂದುಬರುವುದು. ಮದುವೆ ಮುಂಜಿ ಯಾವುದನ್ನೂ ತಪ್ಪಿಸಲಿಲ್ಲ, ಹೋದ ಕಡೆ "ಏನ್ ಓದ್ತಿದ್ದೀಯಮ್ಮ?" ಅಂದರೆ "ನೀಟ್ ಎರಡನೇ ಸಲ" ಅಂತ ನೇರವಾಗಿ ಹೇಳು ಅಂದಿದ್ದೆ. ಮೊದಮೊದಲು ಅವಳ ಮುಖ ಕೆಂಪಾಗುತ್ತಿತ್ತು. ಸಂಕ್ರಾಂತಿ ಹೊತ್ತಿಗೆ ಎಳ್ಳು ಬೀರಲು ಹೋದ ಮನೆಯಲ್ಲೆಲ್ಲ ತಾನೇ ಹೇಳುತ್ತಿದ್ದಳು.

2019ರಲ್ಲಿ 487 ಬಂತು. ಜೀವಶಾಸ್ತ್ರ ಒಂದರಲ್ಲೇ 300. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇರುವ ಶೇಕಡ 5ರ ಮೀಸಲಿನಲ್ಲಿ, ಬೆಂಗಳೂರಿಂದ ದೂರದ ಒಂದು ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸ್ಟಡಿ ಸರ್ಟಿಫಿಕೇಟಿಗೆ ಸಹಿ ಹಾಕಿದವರು ನಮ್ಮ ಹೆಡ್‌ಮಾಸ್ಟರೇ. ಅವಳು ಈಗ ವೈದ್ಯೆ.

ಎರಡನೇ ಸಲವೂ ಆಗಲಿಲ್ಲವೆಂದರೆ ಮೂರನೇ ವರ್ಷ ನಿಲ್ಲಿಸಿ ಅಂತ ನಾನು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಫಸ್ಟ್ ಪಿಯುಸಿಯ ಒಂದು ವರ್ಷ ಸಾಲ ಇತ್ತು. ಒಂದು ವರ್ಷ ಕೊಟ್ಟರೆ ತೀರಿತು.

ಮಗಳ ಆ ನೋಟ್‌ಬುಕ್ಕು ಈಗ ನನ್ನ ಹತ್ತಿರ ಇದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಸೈನ್ಸ್ ತೆಗೆದುಕೊಳ್ಳುತ್ತೇವೆ ಅನ್ನುವ ಮಕ್ಕಳಿಗೆ ಅದರ ಜೆರಾಕ್ಸ್ ಮಾಡಿಸಿ ಕೊಡುತ್ತೇನೆ. ಹೋದ ವರ್ಷ ಹನ್ನೊಂದು ಪ್ರತಿ ಹೋದವು. ಮೂರನೇ ದಿನ ಆಗುವ ಹೆದರಿಕೆ ಅವರಿಗೆ ತಪ್ಪಬಹುದು, ವರ್ಷವಿಡೀ ಹಿಂದೆ ಬೀಳುವುದು ತಪ್ಪುವುದಿಲ್ಲ. ಅವರಲ್ಲಿ ಯಾರಾದರೂ ಎರಡು ವರ್ಷ ಬಿಟ್ಟು ಪ್ರಶ್ನೆಪತ್ರಿಕೆ ಹಿಡಿದು ನಮ್ಮ ಮನೆಗೆ ಬಂದರೆ ಕೆಂಪು ಪೆನ್ನು ತೆಗೆದಿಟ್ಟಿರುತ್ತೇನೆ.

ವಿರೋಧ
ಸಿಕ್ಕ ಕಡೆ ಸೇರಿ, ಅಲ್ಲಿಂದ ಬರೆಯಿರಿ

ಈ ಪಕ್ಷದಲ್ಲಿ ಬರೆಯಿರಿ ಅಂತ ನನ್ನನ್ನು ಕೇಳಿದರು. ಒಪ್ಪಿಕೊಂಡೆ. ಯಾರೂ ಯಾವತ್ತೂ ಒಂದು ವರ್ಷ ನಿಲ್ಲಲೇಬಾರದು ಅನ್ನುವವನು ನಾನಲ್ಲ. ಆದರೆ ನಿಲ್ಲುವ ಮುಂಚೆ ಕೆಲವು ವಿಷಯ ಗೊತ್ತಿರಬೇಕು, ಅವನ್ನು ಮೊದಲು ಹೇಳುತ್ತೇನೆ.

ಮೊದಲನೆಯದು, ಮುಂದಿನ ವರ್ಷ ಇದೇ ಪರೀಕ್ಷೆ ಇರುತ್ತದೆ ಅನ್ನುವ ಖಾತ್ರಿ ಇಲ್ಲ. 2024ರಲ್ಲಿ ನೀಟ್‌ನಲ್ಲಿ 200 ಪ್ರಶ್ನೆ ಕೊಟ್ಟು 180ಕ್ಕೆ ಉತ್ತರಿಸಿ ಅನ್ನುತ್ತಿದ್ದರು, ಸಮಯ 200 ನಿಮಿಷ. 2025ರ ಜನವರಿಯಲ್ಲಿ, ಅಂದರೆ ಪರೀಕ್ಷೆಗೆ ಮೂರು ತಿಂಗಳು ಚಿಲ್ಲರೆ ಇರುವಾಗ, ಆಯ್ಕೆ ಇಲ್ಲ, 180 ಪ್ರಶ್ನೆ, 180 ನಿಮಿಷ ಅಂತ ಪ್ರಕಟವಾಯಿತು. ಅಂಕದ ಬೆಲೆಯೂ ಹಾಗೆಯೇ. ಸಾಮಾನ್ಯ ವರ್ಗಕ್ಕೆ ಅರ್ಹತೆಯ ಅಂಕ 2023ರಲ್ಲಿ 137 ಇತ್ತು, 2024ರಲ್ಲಿ 162ಕ್ಕೆ ಏರಿತು, 2025ರಲ್ಲಿ 144ಕ್ಕೆ ಇಳಿಯಿತು. 2024ರ ಮೊದಲ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720 ಬಂದಿತ್ತು. 2025ರಲ್ಲಿ ಇಡೀ ದೇಶಕ್ಕೆ ಮೊದಲಿಗನ ಅಂಕ 686. ಕಳೆದ ವರ್ಷ ಇಷ್ಟು ಅಂಕಕ್ಕೆ ಸೀಟು ಸಿಕ್ಕಿದೆ, ಇನ್ನು ನಲವತ್ತು ಅಂಕ ಹೆಚ್ಚಿಸಿಕೊಂಡರೆ ಸಾಕು ಅಂತ ಲೆಕ್ಕ ಹಾಕಿ ಕೂತವರ ಲೆಕ್ಕ ಇಲ್ಲೇ ತಪ್ಪುವುದು.

ಎಂಜಿನಿಯರಿಂಗ್‌ನಲ್ಲೂ ನಡೆದಿದೆ. ಸಿಇಟಿ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕೋವಿಡ್‌ನಿಂದಾಗಿ 2021ರಲ್ಲಿ ಪಿಯುಸಿ ಪರೀಕ್ಷೆಯೇ ಆಗಿರಲಿಲ್ಲ, ಹಿಂದಿನ ತರಗತಿಗಳ ಅಂಕ ನೋಡಿ ಪಾಸು ಮಾಡಿದ್ದರು. ಆ ಬ್ಯಾಚಿನಲ್ಲಿ ಒಂದು ವರ್ಷ ನಿಂತು 2022ರಲ್ಲಿ ಸಿಇಟಿ ಬರೆದವರು ಸುಮಾರು 24 ಸಾವಿರ ಮಂದಿ. ಅವರ ಪಿಯುಸಿ ಅಂಕವನ್ನು ರ್‍ಯಾಂಕಿಗೆ ತೆಗೆದುಕೊಳ್ಳಲಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರಿನಲ್ಲಿ ಅವರ ಪರವಾಗಿ ತೀರ್ಪು ಬಂತು, ಮೇಲ್ಮನವಿ ಆಯಿತು, ಕೊನೆಗೆ ವಿಷಯಕ್ಕೆ ಸರಾಸರಿ ಆರು ಅಂಕ ಕಳೆದು ಲೆಕ್ಕ ಹಾಕುವುದು ಅಂತ ಒಪ್ಪಂದವಾಯಿತು. ಹೊಸ ಪಟ್ಟಿ ಬರುವಾಗ ಅಕ್ಟೋಬರ್. ಅಷ್ಟು ದಿನ ಆ ಮಕ್ಕಳು ತಮ್ಮ ರ್‍ಯಾಂಕ್ ಎಷ್ಟು ಅಂತ ಗೊತ್ತಿಲ್ಲದೆ ಕಾದರು.

ಇನ್ನೊಂದು, ನೀಟ್ ವರ್ಷಕ್ಕೆ ಒಂದೇ ಮಧ್ಯಾಹ್ನ. 2019ರ ಮೇ 5ರಂದು ಹಂಪಿ ಎಕ್ಸ್‌ಪ್ರೆಸ್ ಗಂಟೆಗಟ್ಟಲೆ ತಡವಾಗಿ, ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಪರೀಕ್ಷೆ ಬರೆಯಲು ಹೊರಟಿದ್ದ ನೂರಾರು ಮಕ್ಕಳು ಒಂದೂವರೆಯ ಒಳಗೆ ಕೇಂದ್ರ ತಲುಪಲಿಲ್ಲ. ಅವರಿಗೆ ಮೇ 20ರಂದು ಮತ್ತೆ ಅವಕಾಶ ಸಿಕ್ಕಿತು. ಎಲ್ಲರಿಗೂ ಎಲ್ಲ ಸಲವೂ ಹಾಗೆ ಸಿಗುವುದಿಲ್ಲ. ಜ್ವರ ಬಂದರೆ ಯಾರೂ ಮರುಪರೀಕ್ಷೆ ಮಾಡುವುದಿಲ್ಲ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ನಾನು ಒಪ್ಪಿಕೊಂಡದ್ದು ನನ್ನ ಅಣ್ಣನಿಗಾಗಿ.

ನಮ್ಮಪ್ಪ ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದರು. ಮನೆ ಲಗ್ಗೆರೆಯಲ್ಲಿ. ಅಣ್ಣ ಸೆಕೆಂಡ್ ಪಿಯುಸಿ ಮುಗಿಸಿದ್ದು 2015ರಲ್ಲಿ. ಆಗ ರಾಜ್ಯದ ಮೆಡಿಕಲ್ ಸೀಟಿಗೂ ಸಿಇಟಿಯೇ. ರ್‍ಯಾಂಕ್ ಸಾಲಲಿಲ್ಲ. ಒಂದು ವರ್ಷ ನಿಂತ. ಅವನ ಓದೆಲ್ಲ ಸಿಇಟಿಗೆ ತಕ್ಕ ಹಾಗೆ ಇತ್ತು. ತಪ್ಪಿಗೆ ಅಂಕ ಕಳೆಯುವುದಿಲ್ಲ, ಗೊತ್ತಿಲ್ಲದ್ದಕ್ಕೂ ಒಂದು ಗುರುತು ಹಾಕಬಹುದು. 2016ರ ಏಪ್ರಿಲ್ 28ರಂದು, ಸಿಇಟಿಗೆ ಇನ್ನು ಆರು ದಿನ ಇರುವಾಗ, ಈ ವರ್ಷದಿಂದಲೇ ನೀಟ್ ಅಂತ ಸುಪ್ರೀಂ ಕೋರ್ಟ್ ಆದೇಶ ಬಂತು. ಮೇ 24ರಂದು ಸುಗ್ರೀವಾಜ್ಞೆ ಬಂದು ರಾಜ್ಯದ ಸೀಟುಗಳಿಗೆ ಆ ಒಂದು ವರ್ಷದ ಮಟ್ಟಿಗೆ ವಿನಾಯಿತಿ ಸಿಕ್ಕಿತು. ಯಾರ ತಪ್ಪೂ ಅಲ್ಲ. ಆದರೆ ಆ ಆರು ದಿನ ಅಣ್ಣ ಪುಸ್ತಕ ಮುಟ್ಟಲಿಲ್ಲ, ಟಿವಿ ಮುಂದೆಯೇ ಕೂತಿದ್ದ. ಆ ಸಲವೂ ಸ್ವಲ್ಪದರಲ್ಲಿ ತಪ್ಪಿತು. ಇಷ್ಟು ಹತ್ತಿರ ಬಂದು ಬಿಡುವುದು ಹೇಗೆ ಅಂತ ಇನ್ನೊಂದು ವರ್ಷ ನಿಂತ. 2017ರಲ್ಲಿ ನೀಟ್, ತಪ್ಪಿಗೆ ಒಂದೊಂದು ಅಂಕ ಕಳೆಯುವ ಪರೀಕ್ಷೆ.

ಆಗ ನಾನು ಹೈಸ್ಕೂಲು ಮುಗಿಸುತ್ತಿದ್ದೆ. ಮನೆಯಲ್ಲಿ ಇದ್ದದ್ದು ಒಂದು ಹಾಲು, ಒಂದು ರೂಮು. ರೂಮು ಅಣ್ಣನದು. ಟಿವಿ ಹಾಕುವಂತಿಲ್ಲ, ಕುಕ್ಕರ್ ಕೂಗಿದರೆ ಅಮ್ಮ ಓಡಿಹೋಗಿ ಒಲೆ ಆರಿಸುತ್ತಿದ್ದಳು. ಅವನು ತನ್ನ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹಾಕಿ ಮುಚ್ಚಳದ ಮೇಲೆ ಕಲ್ಲುಗುಂಡು ಇಟ್ಟಿದ್ದ. ಕ್ರಿಕೆಟ್ ಬಿಟ್ಟ. ಪಕ್ಕದ ಬೀದಿಯಲ್ಲಿ ಅವನ ಗೆಳೆಯನ ಮನೆ ಇತ್ತು. ಆ ಗೆಳೆಯ ಎಂಜಿನಿಯರಿಂಗ್ ಎರಡನೇ ವರ್ಷ. ಅವನ ತಾಯಿ ಎದುರಾದರೆ ಏನಾದರೂ ಕೇಳುತ್ತಾರೆ ಅಂತ ಅಣ್ಣ ಬಸ್ ಸ್ಟಾಪಿಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದ. ಅಪ್ಪ ಒಂದು ಲಕ್ಷದ ಚೀಟಿಯನ್ನು ಅವಧಿಗೆ ಮುಂಚೆ ಕೂಗಿ, ನಷ್ಟಕ್ಕೆ ಎತ್ತಿ, ಕೋಚಿಂಗ್‌ಗೆ ಕಟ್ಟಿದ್ದರು. ಅದನ್ನು ಅಣ್ಣನಿಗೆ ಯಾರೂ ಹೇಳಿರಲಿಲ್ಲ. ಆದರೂ ಅವನಿಗೆ ಗೊತ್ತಿತ್ತು.

2017ರ ಫೆಬ್ರುವರಿಯಲ್ಲಿ ಕುಣಿಗಲ್ ಹತ್ತಿರದ ನಮ್ಮೂರಲ್ಲಿ ಅಜ್ಜಿ ತೀರಿಕೊಂಡರು. ಅಣ್ಣನನ್ನು ಎತ್ತಿ ಬೆಳೆಸಿದವರು ಅವರು. ಅವನು ಐದು ವರ್ಷದವರೆಗೆ ಊರಲ್ಲೇ ಇದ್ದ. ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಅಣ್ಣ ಅವತ್ತು ಕೋಚಿಂಗ್‌ನಲ್ಲಿ ಅಭ್ಯಾಸಕ್ಕೆ ಮಾಡುವ ಗ್ರ್ಯಾಂಡ್ ಟೆಸ್ಟಿಗೆ ಹೊರಟಿದ್ದ. ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ನನ್ನನ್ನು ನೋಡಿ ಬಾಯಿಗೆ ಬೆರಳಿಟ್ಟಳು. ಅಣ್ಣನಿಗೆ ಚಿತ್ರಾನ್ನದ ಡಬ್ಬಿ ಕೊಟ್ಟು ಕಳಿಸಿದೆವು. ನಾವು ಮೂವರೂ ಊರಿಗೆ ಹೋದೆವು. ಮಧ್ಯಾಹ್ನ ಅವನು ಟೆಸ್ಟ್ ಮುಗಿಸಿ ಹೊರಗೆ ಬಂದಾಗ ಚಿಕ್ಕಪ್ಪನ ಮಗ ಗೇಟಿನ ಹತ್ತಿರ ನಿಂತು ವಿಷಯ ಹೇಳಿ ಬೈಕಿನಲ್ಲಿ ಕರೆದುಕೊಂಡು ಬಂದ. ಅವರು ಊರು ಮುಟ್ಟುವಾಗ ಸಂಜೆ ಆಗಿತ್ತು. ಎಲ್ಲ ಮುಗಿದಿತ್ತು. ಅಣ್ಣ ಯಾರ ಮೇಲೂ ಕೂಗಾಡಲಿಲ್ಲ. ತೋಟದ ಕಡೆ ಹೋಗಿ ಕತ್ತಲಾಗುವವರೆಗೆ ಒಬ್ಬನೇ ಕೂತಿದ್ದ. ನಾನು ದೂರದಲ್ಲಿ ನಿಂತಿದ್ದೆ, ಹತ್ತಿರ ಹೋಗಲು ಧೈರ್ಯ ಬರಲಿಲ್ಲ.

ಒಂದು ವರ್ಷ ನಿಲ್ಲುವುದೆಂದರೆ ಮಗು ಒಬ್ಬನೇ ನಿಲ್ಲುವುದಿಲ್ಲ. ಇಡೀ ಮನೆ ಅವನ ಜೊತೆ ನಿಲ್ಲುತ್ತದೆ, ಆಮೇಲೆ ಒಳ್ಳೆಯ ಮನಸ್ಸಿನಿಂದಲೇ ಇಂಥ ತೀರ್ಮಾನ ಮಾಡುತ್ತದೆ. ನಮ್ಮ ಅಪ್ಪ ಅಮ್ಮ ಕೆಟ್ಟವರಲ್ಲ. ಆ ಟೆಸ್ಟ್ ತಪ್ಪಿದ್ದರೆ ಏನೂ ಆಗುತ್ತಿರಲಿಲ್ಲ, ಅದಕ್ಕೆ ಅಂಕವೂ ಇರಲಿಲ್ಲ. ಆದರೆ ಎರಡು ವರ್ಷ ಕಳೆದ ಮೇಲೆ ಯಾವುದು ದೊಡ್ಡದು ಯಾವುದು ಸಣ್ಣದು ಅನ್ನುವುದು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ನೀಟ್‌ನಲ್ಲೂ ಆಗಲಿಲ್ಲ. ಅಣ್ಣ ಬಿಎಸ್ಸಿಗೆ ಸೇರಿದ, ಆಮೇಲೆ ಬಯೋಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದ. ಈಗ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಚೆನ್ನಾಗಿದ್ದಾನೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಹೆಚ್ಚು ಸಮಯ ಬೇಕು ಅನ್ನುವ ಮಾತು ಪರ ಬರೆದ ಮೇಡಂ ಅವರದು ಅಂತ ಕೇಳಿದೆ. ಅದು ಪಿಯುಸಿ ಕಾಲೇಜುಗಳು ಸರಿಮಾಡಬೇಕಾದ ವಿಷಯ. ಎಲ್ಲ ಮಕ್ಕಳಿಗೂ ಅನ್ವಯಿಸುವುದಿಲ್ಲ. ನಾನು ಹೇಳುವುದು ಇಷ್ಟು: ಸಿಕ್ಕ ಕಡೆ ಸೇರಿಕೊಳ್ಳಿ, ಬಿಎಸ್ಸಿಯೋ ಕೃಷಿಯೋ ಫಾರ್ಮಸಿಯೋ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಕೂರಲು ಒಂದು ಬೆಂಚು, ಮಾತಾಡಲು ನಾಲ್ಕು ಜನ ಇರಲಿ. ಅಲ್ಲಿಂದಲೇ ಮುಂದಿನ ಮೇ ತಿಂಗಳಿಗೆ ಅರ್ಜಿ ಹಾಕಿ. ಬಂದರೆ ಹೋಗಿ, ಬರದಿದ್ದರೆ ಎರಡನೇ ವರ್ಷಕ್ಕೆ ಕಾಲಿಟ್ಟಿರುತ್ತೀರಿ. ಈಗ ಬೋರ್ಡ್ ಪರೀಕ್ಷೆಯನ್ನೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಾಡುತ್ತಾರೆ, 2024ರಿಂದ. ಪಿಯುಸಿ ಅಂಕ ಕಡಿಮೆಯಾಯಿತು ಅಂತ ವರ್ಷ ನಿಲ್ಲುವ ಕಾರಣವೂ ಉಳಿದಿಲ್ಲ.

ಇದನ್ನು ಬರೆಯುವ ಮುಂಚೆ ಅಣ್ಣನಿಗೆ ಫೋನ್ ಮಾಡಿ, ನಿನ್ನ ವಿಷಯ ಬರೆಯಲಾ ಅಂತ ಕೇಳಿದೆ. ಬರಿ ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲನೇ ವರ್ಷದ ಬಗ್ಗೆ ಕೆಟ್ಟದಾಗಿ ಬರೀಬೇಡ ಕಣೋ. ಅವತ್ತು ಓದಿದ್ದೇ ಇವತ್ತಿಗೂ ಲ್ಯಾಬಲ್ಲಿ ಕೆಲಸಕ್ಕೆ ಬರ್ತಿದೆ. ಎರಡನೇ ವರ್ಷದ್ದು ಬೇಕಾದ್ರೆ ಬರಿ" ಅಂದ. ಹಾಗಾಗಿ ಅವನ ಮಾತನ್ನೂ ಇಲ್ಲಿ ಸೇರಿಸಿದ್ದೇನೆ.